ಚದುರಂಗದ ಕುದುರೆಯ ಬೆನ್ನುಹತ್ತಿದ ಅರಸ: ಮುಮ್ಮಡಿ ಕೃಷ್ಣರಾಜ ಒಡೆಯರು

ಕಂಪ್ಯೂಟರ್ ವಿಜ್ಞಾನ ಓದುವ ವಿದ್ಯಾರ್ಥಿಗೆ ಚದುರಂಗದ ಕುದುರೆ ಒಂದಲ್ಲ ಒಂದು ದಿನ ಎದುರಾಗಿಯೇ ಆಗುತ್ತದೆ. ಅರುವತ್ತನಾಲ್ಕು ಮನೆಗಳ ಹಾಸಿನಲ್ಲಿ ಯಾವುದಾದರೊಂದು ಮನೆಯಲ್ಲಿ ಕುದುರೆಯನ್ನು ನಿಲ್ಲಿಸಬೇಕು. ಅದು ತನ್ನ ನಡೆಯನ್ನು ತಪ್ಪದೆ, ತುಳಿದ ಮನೆಯನ್ನು ಮತ್ತೆ ತುಳಿಯದೆ, ಎಲ್ಲ ಮನೆಗಳನ್ನೂ ಸುತ್ತಿ ಬರುವಂತೆ ಪ್ರೋಗ್ರಾಮ್ ಬರೆಯಬೇಕು. ಹಾವೇರಿ ಬಳಿಯ ದೇವಗಿರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಹುಡುಗನಿರಲಿ, ಬ್ಯಾಡಗಿಯಿಂದ ರಾಣೆಬೆನ್ನೂರಿನ ಕಾಲೇಜಿಗೆ ಓಡಾಡುವ ಹುಡುಗಿಯಿರಲಿ, ಪಠ್ಯದ ಹೊರೆಯ ನಡುವೆ ಹವ್ಯಾಸಕ್ಕೆಂದು ಕಂಪ್ಯೂಟರ್ ಆಟ ಕಟ್ಟಲು ಕುಳಿತರೆ, ಹಾವಿನ ಆಟ, ಸೊನ್ನೆ-ಗುಣಾಕಾರದ ಆಟಗಳು ಮುಗಿದ ಮೇಲೆ ಕೈಹಾಕುವುದು ಸಾಮಾನ್ಯವಾಗಿ ಇಂಥ ಸಮಸ್ಯೆಗಳಿಗೇ. ಮನೆಯ ಹಿರಿಯರ ಕಣ್ಣಿಗೆ ಅದು ಹೊತ್ತು ಕಳೆಯುವ ಕೆಲಸ. ಪರೀಕ್ಷೆ ಹತ್ತಿರ ಬಂದಾಗಲಂತೂ ಈ ವಿಷಯದಲ್ಲಿ ಮನೆಮನೆಯಲ್ಲೂ ಮಾತು ಬೆಳೆಯುತ್ತದೆ.

ಹೊತ್ತು ಕಳೆಯುವವನೆಂಬ ಇದೇ ಆಪಾದನೆಯನ್ನು ಹೊತ್ತ ಅರಸರೊಬ್ಬರು ಕನ್ನಡ ನಾಡಿನಲ್ಲಿದ್ದರು. ಇದೇ ಕುದುರೆಯ ಸಮಸ್ಯೆಯ ಬೆನ್ನು ಹತ್ತಿ, ಯಂತ್ರದ ನೆರವಿಲ್ಲದೆ, ಕಾಗದ ಮತ್ತು ಲೇಖನಿ ಮಾತ್ರದಿಂದ ಅವರು ತಲುಪಿದ ಎತ್ತರವನ್ನು ಇಂದಿಗೂ ಚದುರಂಗ ಗಣಿತದ ಸಂಶೋಧಕರು ನೆನೆಯುತ್ತಾರೆ. ಅವರೇ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ಕೃಷ್ಣರಾಜ ಎಂದೊಡನೆ ನಮ್ಮ ನಗರಗಳ ಓದುಗರಿಗೆ ಕಣ್ಣೆದುರು ಬರುವುದು ಅಣೆಕಟ್ಟು, ವಿಶ್ವವಿದ್ಯಾನಿಲಯ, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನೊಡನೆ ಬೆಸೆದುಕೊಂಡ ನಾಲ್ವಡಿಯವರು. ಮುಮ್ಮಡಿಯವರು ಅವರಿಗಿಂತ ಎರಡು ತಲೆಮಾರು ಹಿಂದಿನವರು. ನಾಲ್ವಡಿಯವರ ತಂದೆ ಚಾಮರಾಜೇಂದ್ರ ಒಡೆಯರು ಮುಮ್ಮಡಿಯವರ ದತ್ತುಪುತ್ರ.

ಮುಮ್ಮಡಿಯವರು ಹುಟ್ಟಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ಅರಸುಮನೆತನಕ್ಕೆ ಆಗ ಅರಸೊತ್ತಿಗೆಯ ಹೆಸರು ಮಾತ್ರ ಉಳಿದಿತ್ತು, ಆಳುತ್ತಿದ್ದವನು ಟಿಪ್ಪು ಸುಲ್ತಾನ್. ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ತಂದೆ ಚಾಮರಾಜ ಒಡೆಯರು ತೀರಿಕೊಂಡರು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಮಡಿದ. ಗೆದ್ದ ರಾಜ್ಯವನ್ನು ಈಸ್ಟ್ ಇಂಡಿಯಾ ಕಂಪನಿ ಮತ್ತು ನಿಜಾಮರು ಹಂಚಿಕೊಂಡರು. ಉಳಿದ ನಡುಭಾಗವನ್ನು ಹಳೆಯ ಮನೆತನಕ್ಕೆ ಮರಳಿಸಲು ಕಂಪನಿ ನಿರ್ಧರಿಸಿತು. ವರ್ಷಗಟ್ಟಲೆ ಗುಟ್ಟಿನಲ್ಲಿ ಪ್ರಯತ್ನ ನಡೆಸಿದ್ದ ರಾಣಿ ಲಕ್ಷ್ಮಮ್ಮಣ್ಣಿಯವರ ಹಟಕ್ಕೆ ಸಿಕ್ಕ ಫಲ ಅದು. 1799ರ ಜೂನ್ 30ರಂದು ಮೈಸೂರಿನಲ್ಲಿ ಐದು ವರ್ಷವೂ ತುಂಬದ ಬಾಲಕನಿಗೆ ಪಟ್ಟಾಭಿಷೇಕವಾಯಿತು. ಆಡಳಿತವನ್ನು ದಿವಾನ್ ಪೂರ್ಣಯ್ಯನವರು ವಹಿಸಿಕೊಂಡರು. ಕಂಪನಿಯ ಸೇನೆಯ ವೆಚ್ಚಕ್ಕೆಂದು ಪ್ರತಿ ವರ್ಷ 7 ಲಕ್ಷ ವರಹಗಳನ್ನು ತೆರಬೇಕೆಂದು ಒಪ್ಪಂದವಾಯಿತು. ಮಳೆ ಬರಲಿ ಬಿಡಲಿ, ಈ ಕಂತು ತಪ್ಪುವಂತಿರಲಿಲ್ಲ.

ಈ ಬಾಲ್ಯದ ಆಳ್ವಿಕೆಯ ಒಂದು ಅಲೆ ಇಂದಿನ ಹಾವೇರಿ ಜಿಲ್ಲೆಯನ್ನೂ ತಟ್ಟಿತು. ಶ್ರೀರಂಗಪಟ್ಟಣ ಬಿದ್ದ ಗದ್ದಲದಲ್ಲಿ ಸೆರೆಯಿಂದ ಹೊರಬಿದ್ದ ಚನ್ನಗಿರಿಯ ಧೋಂಡಿಯಾ ವಾಘ್ ದಂಡು ಕಟ್ಟಿಕೊಂಡು ತುಂಗಭದ್ರೆಯ ಉತ್ತರಕ್ಕೆ ಹೋದ. ಆ ದಡ ಅಂದು ಮರಾಠರ ಸೀಮೆ. ಅವನನ್ನು ಅಟ್ಟಿಸಿಕೊಂಡು ಕರ್ನಲ್ ಆರ್ಥರ್ ವೆಲ್ಲೆಸ್ಲಿ ಹೊರಟ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಈತನೇ. ಮೈಸೂರಿನ ಕುದುರೆ ಸವಾರರೂ ಅವನ ಜತೆಗಿದ್ದರು. ಹರಿಹರದ ಬಳಿ ನದಿ ದಾಟಿದ ಈ ಸೇನೆ 1800ರ ಜೂನ್ 27ರಂದು ರಾಣೆಬೆನ್ನೂರಿನ ಕೋಟೆಯ ಮೇಲೆ ಬಿದ್ದು ಅದನ್ನು ವಶಪಡಿಸಿಕೊಂಡಿತು. ಮುಂದೆ ವರದಾ ನದಿಯನ್ನು ದಾಟಿ ಸವಣೂರಿನತ್ತ ಸಾಗಿತು. ಸೆಪ್ಟೆಂಬರ್ 10ರಂದು ಧೋಂಡಿಯಾ ಕೊನೆಗೂ ಹತನಾದ. ಮೈಸೂರಿನ ಸಿಂಹಾಸನದ ಮೇಲಿದ್ದ ಬಾಲಕನಿಗೆ ಆಗ ಆರು ವರ್ಷ. ನಿಜವಾದ ಕುದುರೆಗಳು ಅವನ ಹೆಸರಿನಲ್ಲಿ ರಾಣೆಬೆನ್ನೂರಿನ ಬಯಲಿನಲ್ಲಿ ಓಡಿದ್ದವು, ಓಡಿಸಿದವರು ಬೇರೆಯವರು.

ಅವರ ಬದುಕಿನುದ್ದಕ್ಕೂ ನಡೆದದ್ದು ಬಹುಮಟ್ಟಿಗೆ ಹೀಗೆಯೇ. 1810ರ ಸುಮಾರಿಗೆ ಹದಿನಾರರ ಅರಸರು ಅಧಿಕಾರವನ್ನು ತಮ್ಮ ಕೈಗೆ ತೆಗೆದುಕೊಂಡರು. ಅದೇ ವರ್ಷ ಲಕ್ಷ್ಮಮ್ಮಣ್ಣಿಯವರು ತೀರಿಕೊಂಡರು, 1812ರಲ್ಲಿ ಪೂರ್ಣಯ್ಯನವರೂ ಹೋದರು. ಪೂರ್ಣಯ್ಯನವರು ಕೂಡಿಟ್ಟಿದ್ದ ಭಂಡಾರ ಕೆಲವೇ ವರ್ಷಗಳಲ್ಲಿ ಕರಗಿತು. ಅರಸರು ಕೊಡುಗೈ ದೊರೆ. ವಿದ್ವಾಂಸರಿಗೆ, ಸಂಗೀತಗಾರರಿಗೆ, ಮಠ-ಮಂದಿರಗಳಿಗೆ ಅವರು ಕೊಟ್ಟದ್ದಕ್ಕೆ ಲೆಕ್ಕವಿರಲಿಲ್ಲ. ಇತ್ತ ಹಳ್ಳಿಗಳಲ್ಲಿ ಕಂದಾಯ ವಸೂಲಿಯ ಗುತ್ತಿಗೆ ಹಿಡಿದವರ ಹಾವಳಿ ಮಿತಿಮೀರಿತು. 1830-31ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. ಶಿಕಾರಿಪುರ, ಹೊನ್ನಾಳಿಗಳ ಕಡೆಗೆಲ್ಲ ಅದು ಹರಡಿತು. ರಾಣೆಬೆನ್ನೂರು, ಹಿರೇಕೆರೂರುಗಳ ನೆರೆಯ ನೆಲವದು. ದಂಗೆಯನ್ನೇ ಕಾರಣವಾಗಿ ಮುಂದಿಟ್ಟು 1831ರ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕ್ ಆಡಳಿತವನ್ನು ಅರಸರ ಕೈಯಿಂದ ತೆಗೆದು ಕಮಿಷನರುಗಳಿಗೆ ಒಪ್ಪಿಸಿದ. ಮುಂದೆ ನಡೆದ ವಿಚಾರಣೆಯಲ್ಲಿ ಅರಸರ ಮೇಲಿನ ಆಪಾದನೆಗಳಲ್ಲಿ ಅತಿಶಯೋಕ್ತಿ ಇತ್ತೆಂದು ಕಂಡುಬಂತು. ಬೆಂಟಿಂಕನೇ ತನ್ನ ಕ್ರಮದ ಬಗ್ಗೆ ಆಮೇಲೆ ವಿಷಾದಪಟ್ಟನೆಂದು ಇತಿಹಾಸಕಾರರು ಬರೆದಿದ್ದಾರೆ. ಆದರೆ ಹೋದ ಅಧಿಕಾರ ಹಿಂದಿರುಗಲಿಲ್ಲ. ಅರಸರ ಪರವಾಗಿ ಏನೇ ಹೇಳಿದರೂ ನಗರದ ರೈತರ ಕಷ್ಟ ಸುಳ್ಳಲ್ಲ ಎಂಬುದನ್ನು ಇಲ್ಲಿ ಮರೆಯಲಾಗದು.

ಆಗ ಅರಸರಿಗೆ ಮೂವತ್ತೇಳು ವರ್ಷ. ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ನಿವ್ವಳ ಕಂದಾಯದ ಐದನೆಯ ಒಂದು ಪಾಲು ಅವರಿಗೆ ಸಲ್ಲುವಂತೆ ಏರ್ಪಾಟಾಯಿತು. ಅರಮನೆ ಇತ್ತು, ಬಿರುದುಬಾವಲಿ ಇತ್ತು, ದಸರೆಯೂ ಇತ್ತು. ರಾಜ್ಯವನ್ನು ಮಾತ್ರ 1834ರಿಂದ 1861ರವರೆಗೆ ಆಳಿದವರು ಬೆಂಗಳೂರಿನಲ್ಲಿ ಕುಳಿತ ಮಾರ್ಕ್ ಕಬ್ಬನ್. ಇಂಥ ಸ್ಥಿತಿಯಲ್ಲಿ ಎಷ್ಟೋ ಸಂಸ್ಥಾನಿಕರು ಬೇಟೆ, ಮದಿರೆಗಳಲ್ಲಿ ಕಳೆದುಹೋದರು. ಮುಮ್ಮಡಿಯವರು ಕಳೆದುಹೋಗಲಿಲ್ಲ. ಕಳೆದುಕೊಂಡ ರಾಜ್ಯಕ್ಕಾಗಿ ಒಂದಾದ ಮೇಲೊಂದು ಮನವಿ ಬರೆಸುತ್ತಲೇ ಇದ್ದರು, ಜತೆಜತೆಗೆ ಅರಮನೆಯನ್ನು ಒಂದು ವಿದ್ಯಾಶಾಲೆಯಾಗಿ ಮಾಡಿಕೊಂಡರು. 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆ ತೆರೆದರು. ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆದದ್ದು ಅದೇ. ಕಲ್ಲಚ್ಚಿನ ಮುದ್ರಣಾಲಯ ಸ್ಥಾಪಿಸಿದರು. ಮುದ್ರಾಮಂಜೂಷದ ಕೆಂಪುನಾರಾಯಣ, ಅಳಿಯ ಲಿಂಗರಾಜ, ಬಸವಪ್ಪ ಶಾಸ್ತ್ರಿ ಮೊದಲಾದವರಿಗೆ ಆಶ್ರಯವಿತ್ತವರು ಅವರೇ. ಸ್ವತಃ ಅವರ ಹೆಸರಿನಲ್ಲಿಯೂ ಹಲವು ಗ್ರಂಥಗಳಿವೆ.

ಆ ಗ್ರಂಥಗಳಲ್ಲಿ ಬಹು ದೊಡ್ಡದು ಶ್ರೀತತ್ತ್ವನಿಧಿ. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಎಂದು ಮೊದಲಾಗಿ ಒಂಬತ್ತು ನಿಧಿಗಳಾಗಿ ವಿಂಗಡಿಸಿದ ಸಚಿತ್ರ ವಿಶ್ವಕೋಶವದು. ದೇವತೆಗಳ ರೂಪಲಕ್ಷಣಗಳಿಂದ ಹಿಡಿದು ಗ್ರಹಗಳವರೆಗೆ ಅದರಲ್ಲಿ ವರ್ಣಚಿತ್ರಗಳಿವೆ. ಒಂಬತ್ತನೆಯದು ಕೌತುಕನಿಧಿ. ಅದರಲ್ಲಿರುವ 122 ಯೋಗಾಸನಗಳ ಚಿತ್ರಗಳನ್ನು 1996ರಲ್ಲಿ ವಿದೇಶಿ ವಿದ್ವಾಂಸ ಎನ್.ಇ. ಸ್ಜೋಮನ್ ಪ್ರಕಟಿಸಿದ ಮೇಲೆ ಜಗತ್ತಿನ ಯೋಗಾಸಕ್ತರ ಕಣ್ಣು ಮೈಸೂರಿನ ಮೇಲೆ ಬಿತ್ತು. ಅದೇ ಕೌತುಕನಿಧಿಯಲ್ಲಿ ಆಟಗಳೂ ಇವೆ. ಆದರೆ ಅವುಗಳಿಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ಆಟವನ್ನು ವಿದ್ಯೆಯ ಸಾಲಿನಲ್ಲಿ ಕೂರಿಸುವುದು ನಮ್ಮ ನಾಡಿಗೆ ಹೊಸತಲ್ಲ. ಹಾವೇರಿಯ ಪುರದ ಸಿದ್ಧೇಶ್ವರ ದೇವಾಲಯವನ್ನು ನೋಡಿದವರಿಗೆ ಕಲ್ಯಾಣ ಚಾಲುಕ್ಯರ ಕಾಲದ ಕಲೆಯ ಪರಿಚಯ ಇದ್ದೇ ಇರುತ್ತದೆ. ಆ ಮನೆತನದ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ರಾಜನೀತಿ, ಅಡುಗೆ, ಸಂಗೀತಗಳ ಜತೆಯಲ್ಲಿಯೇ ಚದುರಂಗಕ್ಕೂ ಪಗಡೆಗೂ ಜಾಗವಿದೆ. ಅದಕ್ಕಿಂತ ಮೊದಲೇ, 9ನೇ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿ ಕುದುರೆಯ ನಡೆಯನ್ನೇ ಅನುಸರಿಸಿ ಅಕ್ಷರಗಳನ್ನು ಜೋಡಿಸುವ ತುರಗಪದ ಬಂಧ ಕಾಣಸಿಗುತ್ತದೆ. ಇನ್ನು ಅಳಗುಳಿಮಣೆ, ಚೌಕಾಬಾರ, ಹುಲಿ-ಕುರಿ ಆಟಗಳಿಗೆ ಗ್ರಂಥದ ಹಂಗೂ ಬೇಕಿಲ್ಲ. ನೆಲದ ಮೇಲೆ ಸೀಮೆಸುಣ್ಣದ ನಾಲ್ಕು ಗೆರೆ, ಒಂದು ಹಿಡಿ ಹುಣಸೆ ಬೀಜ ಇದ್ದರೆ ಸಾಕು. ಹೀಗೆ ಒಂದು ಕಡೆ ಅರಮನೆಯ ಗ್ರಂಥ, ಇನ್ನೊಂದು ಕಡೆ ಹಳ್ಳಿಯ ಕಟ್ಟೆ ಎಂಬ ಎರಡು ದಾರಿಗಳಲ್ಲಿ ಬಂದ ಆಟಗಳನ್ನು ಒಟ್ಟಿಗೆ ತಂದು, ಹೊಸತನ್ನು ಕಟ್ಟಲು ಹೊರಟವರು ಮುಮ್ಮಡಿಯವರು.

ಅವರು ಕೈಹಾಕಿದ ಮೊದಲ ಬಗೆ ಗಂಜೀಫಾ. ದುಂಡನೆಯ, ಕೈಯಲ್ಲಿ ಬಣ್ಣ ಹಚ್ಚಿ ಮಾಡುವ ಎಲೆಗಳ ಇಸ್ಪೀಟು ಅದು. ಮೊಗಲರ ಗಂಜೀಫಾದಲ್ಲಿ 8 ಬಣ್ಣಗಳ 96 ಎಲೆಗಳು, ದಶಾವತಾರದ ಕಟ್ಟಿನಲ್ಲಿ 10 ಬಣ್ಣಗಳ 120 ಎಲೆಗಳು. ಮುಮ್ಮಡಿಯವರು ಇದನ್ನು ಛದ ಎಂಬ ಹೆಸರಿನಲ್ಲಿ ಬೆಳೆಸಿದ ರೀತಿ ಅಚ್ಚರಿ ಹುಟ್ಟಿಸುವಂಥದು. ರಾಜ, ಮಂತ್ರಿ ಎಂಬ ಎರಡೇ ಚಿತ್ರದೆಲೆಗಳಿದ್ದ ಕಡೆ ಅವರು ಪ್ರತಿ ಬಣ್ಣಕ್ಕೂ ಆರಾರು ಚಿತ್ರದೆಲೆಗಳನ್ನು ಸೇರಿಸಿದರು. ಬಣ್ಣಗಳನ್ನು ಹದಿನೆಂಟರವರೆಗೆ ಹೆಚ್ಚಿಸಿದರು. ಎಲ್ಲವನ್ನೂ ಹೊಡೆಯಬಲ್ಲ ತುರುಪುಗಳನ್ನು, ಯಾವ ಎಲೆಯ ಬದಲಿಗೂ ಇಳಿಸಬಹುದಾದ ಎಲೆಗಳನ್ನು ಸೇರಿಸಿದರು. ಕುಲದೇವತೆಯ ಹೆಸರು ಹೊತ್ತ ಚಾಮುಂಡೇಶ್ವರಿ ಛದಕ್ಕೆ ಬೇಕಾದದ್ದು 320 ಎಲೆಗಳು. ಕೆಲವು ಕಟ್ಟುಗಳಲ್ಲಿ ಎಲೆಗಳ ಸಂಖ್ಯೆ 360ಕ್ಕೆ ಮುಟ್ಟಿತು.

ಮುನ್ನೂರರುವತ್ತು ಎಲೆಗಳನ್ನು ಕಲೆಸುವುದು ಹೇಗೆ, ಕೈಯಲ್ಲಿ ಹಿಡಿಯುವುದು ಹೇಗೆ, ಯಾವ ಎಲೆ ಹೋಗಿದೆ ಯಾವುದು ಉಳಿದಿದೆ ಎಂದು ನೆನಪಿಡುವುದು ಹೇಗೆ? ಅರಸರು ಆಟ ಕಟ್ಟುವವರೆಲ್ಲರೂ ಒಮ್ಮೆಯಾದರೂ ಬೀಳುವ ಹಳ್ಳಕ್ಕೇ ಬಿದ್ದರು ಎನ್ನಬೇಕು. ನಿಯಮಕ್ಕೆ ನಿಯಮ ಸೇರಿಸುತ್ತ ಹೋದಂತೆ ಕಟ್ಟುವವನ ಸಂತೋಷ ಏರುತ್ತದೆ, ಆಡುವವನದು ಇಳಿಯುತ್ತದೆ. ಹವ್ಯಾಸಕ್ಕೆ ಆಟ ಬರೆಯುವ ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿ ಅರ್ಧಕ್ಕೆ ನಿಂತ ಹತ್ತು ಆಟಗಳಲ್ಲಿ ಎಂಟಾದರೂ ಹೀಗೆಯೇ ಭಾರಕ್ಕೆ ಕುಸಿದವಾಗಿರುತ್ತವೆ. ಛದವೂ ಅರಮನೆಯ ಹೊರಗೆ ಬೇರು ಬಿಡಲಿಲ್ಲ. ಮೈಸೂರಿನ ಗಂಜೀಫಾ ಕಲಾವಿದರ ಕುಂಚದಲ್ಲಿ ಎಲೆಗಳು ಉಳಿದವು, ಆಡುವವರು ಉಳಿಯಲಿಲ್ಲ.

ಆದರೂ ಒಂದು ವಿಷಯದಲ್ಲಿ ಅರಸರು ನಮ್ಮ ಕಾಲದ ಅನೇಕ ಹವ್ಯಾಸಿಗಳಿಗಿಂತ ಮುಂದಿದ್ದರು: ಮಾಡಿದ್ದನ್ನೆಲ್ಲ ದಾಖಲಿಸಿದರು. ಎಲೆಗಳ ರೂಪ, ದೇವತೆಗಳ ಬಣ್ಣ, ಹಾಸಿನ ಮನೆಗಳ ಲೆಕ್ಕ ಎಲ್ಲವೂ ಚಿತ್ರಸಹಿತ ಗ್ರಂಥಸ್ಥವಾದವು. ಚೌಕದ ಹಾಸುಗಳನ್ನೂ ಅವರು ಬಿಡಲಿಲ್ಲ. ನಾಲ್ವರು ಕುಳಿತು ಆಡುವ ಪಗಡೆಯ ಹಾಸನ್ನು ಹೆಚ್ಚು ಮಂದಿ ಕೂರುವಂತೆ ವಿಸ್ತರಿಸಿದರು, ಕೆಲವು ಆಟಗಳಿಗೆ ಗ್ರಹ-ದೇವತೆಗಳ ಕಲ್ಪನೆಯನ್ನು ಬೆಸೆದರು. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೂ ಅವರ ಆಟಗಳು ಚಿತ್ರಗಳಾಗಿ ನಿಂತಿವೆ. ನಮ್ಮ ಕಾಲದಲ್ಲಿ ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ಕ್ರೀಡಾ ಕೌಶಲ್ಯ ಎಂಬ ಪ್ರದರ್ಶನಗಳ ಮೂಲಕ ಇಂಥ ಹಾಸುಗಳನ್ನು ಮತ್ತೆ ಮಾಡಿಸಿ ಜನರ ಕೈಗೆ ಕೊಡಲು ತೊಡಗಿದ್ದು ಈ ದಾಖಲೆಗಳ ಬೆಂಬಲದಿಂದಲೇ.

ಇನ್ನು ಕುದುರೆಯ ವಿಷಯ. ಮುಮ್ಮಡಿಯವರ ಪ್ರತಿಭೆ ಪೂರ್ಣವಾಗಿ ಬೆಳಗುವುದು ಇಲ್ಲಿ ಎಂದು ನಮ್ಮ ಭಾವನೆ. ಕುದುರೆ ಎರಡು ಮನೆ ನೇರ ಹೋಗಿ ಒಂದು ಮನೆ ಪಕ್ಕಕ್ಕೆ ತಿರುಗುತ್ತದೆ. ಹಾಸಿನ ನಡುವೆ ನಿಂತಾಗ ಅದಕ್ಕೆ ಎಂಟು ದಾರಿಗಳಿರುತ್ತವೆ, ಮೂಲೆಯಲ್ಲಿ ಎರಡೇ. ಎಲ್ಲ ಮನೆಗಳನ್ನೂ ಒಮ್ಮೊಮ್ಮೆ ಮುಟ್ಟಿ, ಹೊರಟ ಮನೆಗೆ ಒಂದೇ ನಡೆಯಲ್ಲಿ ಮರಳಬಲ್ಲ ಸುತ್ತುಗಳೇ 13 ಲಕ್ಷ ಕೋಟಿಗೂ ಹೆಚ್ಚೆಂದು ಕಂಪ್ಯೂಟರ್ ಲೆಕ್ಕ ಹೇಳುತ್ತದೆ. ಹಾಗೆಂದು ಸುತ್ತು ಸುಲಭವಾಗಿ ಸಿಗುವುದೇ? ಇಲ್ಲ. ಮೊದಲ ನಲವತ್ತು ಮನೆಗಳು ಸಲೀಸಾಗಿ ಬರುತ್ತವೆ. ಆಮೇಲೆ ನೋಡಿದರೆ ಎಲ್ಲೋ ಒಂದು ಮೂಲೆ ಒಂಟಿಯಾಗಿ ಉಳಿದುಬಿಟ್ಟಿರುತ್ತದೆ. ವಿದ್ಯಾರ್ಥಿ ಬರೆಯುವ ಮೊದಲ ಪ್ರೋಗ್ರಾಮ್ ದಾರಿ ಮುಚ್ಚಿದಾಗಲೆಲ್ಲ ಒಂದು ಹೆಜ್ಜೆ ಹಿಂದಕ್ಕೆ ಬಂದು ಬೇರೆ ದಾರಿ ಹಿಡಿಯುತ್ತದೆ. ಹೀಗೆ ಹಿಂದೆ-ಮುಂದೆ ಓಡಾಡುತ್ತ ಅದು ಗಂಟೆಗಟ್ಟಲೆ ನಿಂತಲ್ಲೇ ನಿಲ್ಲಬಹುದು. ಮುಂದಿನ ದಾರಿಗಳು ಎಲ್ಲಿ ಕಡಿಮೆ ಇವೆಯೋ ಆ ಮನೆಗೇ ಮೊದಲು ಹೋಗು ಎಂಬ ಉಪಾಯವನ್ನು ಸೇರಿಸಿದರೆ ಅದೇ ಪ್ರೋಗ್ರಾಮ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಈ ಉಪಾಯವನ್ನು ಜರ್ಮನಿಯ ವಾರ್ನ್ಸ್‌ಡಾರ್ಫ್ 1823ರಲ್ಲಿ ಪ್ರಕಟಿಸಿದ್ದ, ಕಂಪ್ಯೂಟರ್ ಹುಟ್ಟುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲು.

ಸುಮ್ಮನೆ ಸುತ್ತಿ ಬರುವುದಕ್ಕಿಂತ ಕಠಿಣವಾದ ಪಂಥ ಇನ್ನೊಂದಿದೆ. ಕುದುರೆ ಮುಟ್ಟಿದ ಮನೆಗಳಿಗೆ ಕ್ರಮವಾಗಿ 1, 2, 3 ಎಂದು ಅಂಕಿ ಬರೆಯುತ್ತ ಹೋಗಿ. ಕೊನೆಯಲ್ಲಿ ಪ್ರತಿ ಅಡ್ಡಸಾಲಿನ ಮೊತ್ತವೂ ಪ್ರತಿ ಉದ್ದಸಾಲಿನ ಮೊತ್ತವೂ ಒಂದೇ ಆಗಬೇಕು. ಎಂಟು-ಎಂಟರ ಹಾಸಿನಲ್ಲಿ 1ರಿಂದ 64ರವರೆಗಿನ ಒಟ್ಟು ಮೊತ್ತ 2080, ಆದ್ದರಿಂದ ಪ್ರತಿ ಸಾಲಿಗೆ 260 ಬರಬೇಕು. ಕುದುರೆಯ ಸುತ್ತು ಮತ್ತು ಮಾಯಾಚೌಕ ಎಂಬ ಎರಡು ಪ್ರತ್ಯೇಕ ಒಗಟುಗಳು ಇಲ್ಲಿ ಒಂದರ ಕೊರಳನ್ನು ಒಂದು ಹಿಡಿದಿರುತ್ತವೆ. ಒಂದು ಅಂಕಿಯನ್ನು ಸರಿಪಡಿಸಲು ಹೋದರೆ ಕುದುರೆಯ ನಡೆ ಕೆಡುತ್ತದೆ. ನಡೆ ಸರಿ ಮಾಡಿದರೆ ಮೊತ್ತ ತಪ್ಪುತ್ತದೆ. ಯುರೋಪಿನಲ್ಲಿ ಇಂಥ ಮೊದಲ ಸುತ್ತನ್ನು ವಿಲಿಯಂ ಬೆವರ್ಲಿ ಪ್ರಕಟಿಸಿದ್ದು 1848ರಲ್ಲಿ.

ಅದರ ಬೆನ್ನಿಗೇ, ಅರುವತ್ತರ ಅಂಚಿನಲ್ಲಿದ್ದ ಮೈಸೂರಿನ ಅರಸರು ಇದೇ ಪಂಥಕ್ಕೆ ಕೈಹಾಕಿದರು. ಅಷ್ಟಕ್ಕೇ ನಿಲ್ಲದೆ ಹಾಸನ್ನೇ ಹಿಗ್ಗಿಸಿದರು. ಹನ್ನೆರಡು-ಹನ್ನೆರಡರ, 144 ಮನೆಗಳ ಹಾಸಿನಲ್ಲಿ ಕುದುರೆಯನ್ನು ನಡೆಸಿ, ಅಡ್ಡ-ಉದ್ದ ಸಾಲುಗಳೆಲ್ಲವೂ 870ಕ್ಕೆ ಕೂಡುವಂಥ ಸುತ್ತೊಂದನ್ನು ಸಂಶೋಧಕರು ಅವರ ಹೆಸರಿನಲ್ಲಿ ದಾಖಲಿಸಿದ್ದಾರೆ. 1ರಿಂದ 144ರವರೆಗಿನ ಒಟ್ಟು ಮೊತ್ತ 10440. ಅದನ್ನು 12ರಿಂದ ಭಾಗಿಸಿದರೆ 870. ಬೇಕಾದರೆ ಓದುಗರೇ ಲೆಕ್ಕ ಹಾಕಿ ನೋಡಬಹುದು. ಮೊತ್ತ ಕಂಡುಹಿಡಿಯಲು ಒಂದು ನಿಮಿಷ ಸಾಕು. ಸುತ್ತನ್ನು ಕಂಡುಹಿಡಿಯಲು ಎಷ್ಟು ಹಗಲು, ಎಷ್ಟು ದೀಪದ ಎಣ್ಣೆ ಬೇಕಾಯಿತೋ!

ಇದು ಕಣ್ಣುಮುಚ್ಚಿ ಹುಡುಕಿ ಸಿಗುವ ವಸ್ತುವಲ್ಲ. ಇದರ ಹಿಂದೆ ರಚನೆಯ ತಿಳಿವಳಿಕೆ ಇರಲೇಬೇಕು. ಕುದುರೆ ಪ್ರತಿ ನಡೆಯಲ್ಲಿಯೂ ಬಿಳಿ ಮನೆಯಿಂದ ಕಪ್ಪಿಗೆ, ಕಪ್ಪಿನಿಂದ ಬಿಳಿಗೆ ಹಾರುವುದರಿಂದ ಬೆಸ ಅಂಕಿಗಳೆಲ್ಲ ಒಂದು ಬಣ್ಣದಲ್ಲಿಯೂ ಸಮ ಅಂಕಿಗಳೆಲ್ಲ ಇನ್ನೊಂದರಲ್ಲಿಯೂ ಬೀಳುತ್ತವೆ. ಹಾಗಾಗಿ ಹನ್ನೆರಡರ ಹಾಸಿನ ಪ್ರತಿ ಸಾಲಿನಲ್ಲಿ ಆರು ಬೆಸ, ಆರು ಸಮ ಅಂಕಿಗಳು ತಾವಾಗಿಯೇ ಬರುತ್ತವೆ. ಇಂಥ ಗುಣಗಳನ್ನು ಗುರುತಿಸಿ ಹಾಸನ್ನು ಸಣ್ಣ ತುಂಡುಗಳಾಗಿ ಒಡೆದು ಜೋಡಿಸಬಲ್ಲವನು ಮಾತ್ರ ದಡ ಮುಟ್ಟುತ್ತಾನೆ. ಇಂದು ಅಲ್ಗಾರಿದಮ್ ಎಂಬ ಹೆಸರಿನಲ್ಲಿ ಕಾಲೇಜುಗಳಲ್ಲಿ ಕಲಿಸುವ ವಿವೇಕಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಎಂಟು-ಎಂಟರ ಹಾಸಿನಲ್ಲಿ ಒಂದು ಪ್ರಶ್ನೆ ಮಾತ್ರ ಅರಸರ ಕಾಲ ಕಳೆದ ಮೇಲೂ ಉಳಿದಿತ್ತು. ಅಡ್ಡ-ಉದ್ದ ಸಾಲುಗಳ ಜತೆಗೆ ಎರಡು ಕರ್ಣಗಳೂ 260ಕ್ಕೆ ಕೂಡುವ ಸುತ್ತು ಇದೆಯೇ? ಒಂದೂವರೆ ಶತಮಾನ ಹವ್ಯಾಸಿಗಳು ಹುಡುಕಿದರು, ಯಾರಿಗೂ ಸಿಗಲಿಲ್ಲ. ಕೊನೆಗೆ ಯುರೋಪಿನ ಕೆಲವು ಆಸಕ್ತರು ಸೇರಿ ಕಂಪ್ಯೂಟರುಗಳನ್ನು ಈ ಕೆಲಸಕ್ಕೆ ಹೂಡಿದರು. ಒಂದು ಗಿಗಾಹರ್ಟ್ಸ್ ವೇಗದ ಯಂತ್ರಕ್ಕೆ ಸುಮಾರು 138 ದಿನ ಹಿಡಿಯುವಷ್ಟು ಲೆಕ್ಕ ನಡೆದು 2003ರ ಆಗಸ್ಟ್ 5ರಂದು ಉತ್ತರ ಬಂತು: ಇಲ್ಲ. ತಿರುಗಿಸಿ, ಮಗುಚಿ ನೋಡಿದಾಗ ಒಂದೇ ಆಗುವುವನ್ನು ಬಿಟ್ಟರೆ, ಸಾಲುಗಳು ಕೂಡುವ ಸುತ್ತುಗಳು ಒಟ್ಟು 140. ಅವುಗಳಲ್ಲಿ ಒಂದರ ಕರ್ಣಗಳೂ ಒಪ್ಪುವುದಿಲ್ಲ.

ಆಟದ ನೆಪದಿಂದ ಯಂತ್ರವನ್ನು ಅರಿಯುವ ಕ್ರಮ ಕಂಪ್ಯೂಟರ್ ಹುಟ್ಟಿದ ಹೊಸತರಲ್ಲಿಯೇ ಆರಂಭವಾಯಿತು. 1952ರಲ್ಲಿ ಕೇಂಬ್ರಿಜ್‌ನ ಸಂಶೋಧನಾ ವಿದ್ಯಾರ್ಥಿ ಎ.ಎಸ್. ಡಗ್ಲಾಸ್, ಕೋಣೆ ತುಂಬುವ ಎಡ್‌ಸ್ಯಾಕ್ ಯಂತ್ರದ ಮೇಲೆ ಸೊನ್ನೆ-ಗುಣಾಕಾರದ ಆಟವನ್ನು ಬರೆದ. ಮನುಷ್ಯನಿಗೂ ಯಂತ್ರಕ್ಕೂ ನಡೆಯುವ ವ್ಯವಹಾರದ ಬಗೆಗಿನ ಅವನ ಸಂಶೋಧನೆಗೆ ಅದು ಉದಾಹರಣೆಯಾಗಿತ್ತು. ಡಗ್ಲಾಸ್‌ನ ಎದುರು ಯಂತ್ರವಿತ್ತು, ಹಿಂದೆ ವಿಶ್ವವಿದ್ಯಾನಿಲಯವಿತ್ತು. ಮೈಸೂರಿನ ಅರಸರ ಬಳಿ ಇದ್ದದ್ದು ಬಿಡುವು. ಆ ಬಿಡುವೂ ಬೇಡಿ ಪಡೆದದ್ದಲ್ಲ, ಅಧಿಕಾರವನ್ನು ಕಿತ್ತುಕೊಂಡವರು ಹೇರಿದ್ದು. ಕಮಿಷನರ ಕಚೇರಿಯ ಬರಹಗಳು ಅವರನ್ನು ದುಂದುಗಾರನೆಂದೂ ವಿಲಾಸಿಯೆಂದೂ ಬಣ್ಣಿಸುತ್ತಿದ್ದ ವರ್ಷಗಳಲ್ಲಿಯೇ ಅವರು 144 ಮನೆಗಳ ಹಾಸಿನ ಎದುರು ಕುಳಿತಿದ್ದರು. ದುಂದುಗಾರಿಕೆಯ ಮಾತಿನಲ್ಲಿ ಹುರುಳಿರಬಹುದು. ಆದರೆ ಸೋಮಾರಿಯೊಬ್ಬನು 870ರ ಲೆಕ್ಕವನ್ನು ಇಪ್ಪತ್ತನಾಲ್ಕು ಸಾಲುಗಳಲ್ಲಿ ತಪ್ಪದೆ ತರಲಾರ.

ರಾಜ್ಯಕ್ಕಾಗಿ ಅವರು ನಡೆಸಿದ ಹೋರಾಟದ ಕೊನೆಯ ಸುತ್ತು ದತ್ತಕದ್ದು. ಪಟ್ಟಕ್ಕೆ ಬರಬಲ್ಲ ಮಗನಿರಲಿಲ್ಲ. ಉತ್ತರಾಧಿಕಾರಿಯಿಲ್ಲದ ಸಂಸ್ಥಾನಗಳನ್ನು ನುಂಗುವ ಪರಿಪಾಠವನ್ನು ಡಾಲ್‌ಹೌಸಿಯ ಕಾಲದಲ್ಲಿ ದೇಶವೇ ಕಂಡಿತ್ತು. ಎಪ್ಪತ್ತು ದಾಟಿದ ಅರಸರು 1865ರ ಜೂನ್‌ನಲ್ಲಿ ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. ಸರ್ಕಾರ ಒಪ್ಪಲಿಲ್ಲ. ಅವರು ಪಟ್ಟು ಸಡಿಲಿಸಲಿಲ್ಲ. ಲಂಡನ್ನಿನವರೆಗೂ ಅಹವಾಲು ಹೋಯಿತು. 1867ರಲ್ಲಿ ಬ್ರಿಟಿಷ್ ಸರ್ಕಾರ ದತ್ತಕವನ್ನು ಮಾನ್ಯ ಮಾಡಿತು. ಮರುವರ್ಷ, 1868ರ ಮಾರ್ಚ್ 27ರಂದು, ಎಪ್ಪತ್ಮೂರರ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಕಣ್ಣುಮುಚ್ಚಿದರು. ಅವರ ಜೀವಿತಕಾಲದಲ್ಲಿ ಮರಳಿ ಬಾರದ ರಾಜ್ಯ 1881ರಲ್ಲಿ ದತ್ತುಪುತ್ರನಿಗೆ ದೊರೆಯಿತು. ಮೂವತ್ತೇಳು ವರ್ಷಗಳ ಮನವಿಗಳಲ್ಲಿ ಗೆದ್ದದ್ದು ಈ ಒಂದೇ. ಮೈಸೂರು ನಕಾಶೆಯಿಂದ ಅಳಿಯದೆ ಉಳಿದದ್ದು ಅದರಿಂದ.

ಅದೇ 1868ರಲ್ಲಿ ಹರಿಹರದ ಬಳಿ ತುಂಗಭದ್ರೆಗೆ ಕಲ್ಲಿನ ಸೇತುವೆ ಸಿದ್ಧವಾಯಿತು. ಮೈಸೂರು ಸೀಮೆಯಿಂದ ರಾಣೆಬೆನ್ನೂರಿನ ಕಡೆಗೆ ಬರುವವರಿಗೆ ದೋಣಿಯ ಹಂಗು ತಪ್ಪಿತು. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳು ಆಗ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಅವು ಮೈಸೂರು ರಾಜ್ಯದೊಳಗೆ ಬಂದದ್ದು 1956ರಲ್ಲಿ, ಹಾವೇರಿ ತಾನೇ ಜಿಲ್ಲೆಯಾದದ್ದು 1997ರಲ್ಲಿ. ಅರಮನೆಯ ಛದಕ್ಕೂ ಈ ಕಡೆಯ ಕಟ್ಟೆಗಳ ಮೇಲಿನ ಹುಲಿ-ಕುರಿಗೂ ಭೇಟಿಯೇ ಆಗಲಿಲ್ಲ.

ಈಗ ಆ ಭೇಟಿಗೆ ಅಡ್ಡಿಯೇನೂ ಇಲ್ಲ. ಮನುಷ್ಯನ ಕೈಗೆ ಭಾರವಾದ 360 ಎಲೆಗಳನ್ನು ಕಲೆಸಿ ಹಂಚುವುದು ಹಳೆಯ ಲ್ಯಾಪ್‌ಟಾಪಿಗೂ ಕ್ಷಣದ ಕೆಲಸ; ಯಾವ ಎಲೆ ಬಿತ್ತು, ಯಾವುದು ತುರುಪು ಎಂಬ ನೆನಪನ್ನು ಅದೇ ಇಟ್ಟುಕೊಳ್ಳುತ್ತದೆ. ಗೋಡೋದಂಥ ಆಟ ಕಟ್ಟುವ ಸಲಕರಣೆಗಳು ಬಿಟ್ಟಿಯಾಗಿ ದೊರೆಯುತ್ತವೆ, ಅವುಗಳಲ್ಲಿ ಕನ್ನಡ ಅಕ್ಷರಗಳೂ ಮೂಡುತ್ತವೆ. ಇಂಥ ಕೆಲಸಕ್ಕೆ ಕೈಹಾಕುವವರು ಚಾಮುಂಡೇಶ್ವರಿ ಛದದ 320 ಎಲೆಗಳಿಂದ ಆರಂಭಿಸುವುದು ಬೇಡ. ಮೊದಲು ದಶಾವತಾರದ 120 ಎಲೆಗಳ ಕಟ್ಟು ಪರದೆಯ ಮೇಲೆ ಸರಿಯಾಗಿ ಆಡಲಿ. ಆಮೇಲೆ ಅರಸರು ಸೇರಿಸಿದ ಚಿತ್ರದೆಲೆಗಳನ್ನು ಒಂದೊಂದಾಗಿ ಸೇರಿಸುತ್ತ ಹೋಗಿ, ಯಾವ ಎಲೆಯ ಹೊತ್ತಿಗೆ ಆಟ ಕೈತಪ್ಪಿತು ಎಂಬುದನ್ನು ಪರೀಕ್ಷಿಸಿ ನೋಡಬಹುದು.